ಕಡಲಾಚೆ ಒಬ್ಬರೇ ಹೋದವರ ಹೊಣೆ

ಒಬ್ಬರೇ ವಿದೇಶಕ್ಕೆ ಹೋಗಿ ಬರುವುದು ಈ ತಲೆಮಾರಿನ ಹವ್ಯಾಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೈಯಲ್ಲಿ ಹಣ, ಜೇಬಿನಲ್ಲಿ ಮೊಬೈಲು, ಎದೆಯಲ್ಲಿ ಧೈರ್ಯ ಇದ್ದರೆ ಸಾಕು, ಯಾರ ಹಂಗೂ ಇಲ್ಲದೆ ಲೋಕ ಸುತ್ತಬಹುದು ಎಂದು ನಂಬಿದ್ದೇವೆ. ಕೇರಳದ ಕಾಸರಗೋಡು ಜಿಲ್ಲೆಯ ಕುಂಜತ್ತೂರಿನಲ್ಲಿ ನಿಂತು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಪಡುವಣಕ್ಕೆ ಅರಬ್ಬಿ ಕಡಲು, ಊರ ನಡುವೆ ಹೆದ್ದಾರಿ, ಬಡಗಣಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಕರ್ನಾಟಕಕ್ಕೆ ದಾಟುವ ತಲಪಾಡಿಯ ಗಡಿ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಮಾತುಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವ ಸೀಮೆ ಇದು. ಇಲ್ಲಿಂದ ಗಂಡಸರು ಒಬ್ಬೊಬ್ಬರಾಗಿ ಕಡಲಾಚೆಗೆ ಹೋಗುವುದು ತೀರ ಹಳೆಯ ಸಂಗತಿ. ಅದಕ್ಕೆ ಸುಮಾರು ಒಂಬೈನೂರು ವರ್ಷಗಳ ಹಿಂದಿನ ಕಾಗದದ ಸಾಕ್ಷ್ಯವೂ ಉಂಟು. ಅಂದಿನಿಂದ ಇಂದಿನವರೆಗಿನ ಸಾಕ್ಷ್ಯಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ಮಾತು ನಿಚ್ಚಳವಾಗುತ್ತದೆ. ಒಬ್ಬನೇ ಹೋಗಿ ನೆಲೆ ಕಂಡವನ ಹಿಂದೆ ಬಹುತೇಕ ಎಲ್ಲ ಕಾಲದಲ್ಲೂ ಯಾರೋ ಒಬ್ಬರು ಹೊಣೆ ನಿಂತಿದ್ದಾರೆ. ಒಂದು ಕಾಲದಲ್ಲಿ ವರ್ತಕ, ಇನ್ನೊಂದು ಕಾಲದಲ್ಲಿ ಜಾತಿ ಅಥವಾ ಮಿಷನ್, ಮತ್ತೊಂದು ಕಾಲದಲ್ಲಿ ಸರ್ಕಾರ, ಆಮೇಲೆ ಅರಬ್ ನಾಡಿನ ಪ್ರಾಯೋಜಕ, ಅಂದರೆ ಕಫೀಲ. ಒಂಟಿ ಪಯಣದ ಚರಿತ್ರೆಯೆಂದರೆ ಈ ಹೊಣೆಗಾರಿಕೆ ಕೈಯಿಂದ ಕೈಗೆ ದಾಟಿದ ಚರಿತ್ರೆ. ಹೊಣೆ ನಿಂತವನು ಒಡೆಯನಾಗಿದ್ದಾಗ ಪಯಣಿಗ ಆಳಾಗಿದ್ದಾನೆ. ಹೊಣೆ ಕಾನೂನಿನ ಹಕ್ಕಾಗಿ ಬಂದಾಗ ಮಾತ್ರ ಅವನು ಸ್ವತಂತ್ರನಾಗಿದ್ದಾನೆ.

ಮೊದಲ ಸಾಕ್ಷ್ಯ ಸಿಕ್ಕಿದ್ದು ಈಜಿಪ್ಟಿನಲ್ಲಿ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಶತಮಾನಗಳಿಂದ ಗುಡ್ಡೆ ಬಿದ್ದಿದ್ದ ಹಳೆಯ ಕಾಗದಗಳ ದೊಡ್ಡ ಪಾಲನ್ನು ಸಾಲೊಮನ್ ಶೆಕ್ಟರ್ 1896-97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಪತ್ರಗಳಿದ್ದವು. ಟ್ಯುನೀಸಿಯಾ ಮೂಲದ ಈತ 1132ರ ಹೊತ್ತಿಗೆ ಮಂಗಳೂರಿಗೆ ಬಂದು, 1149ರವರೆಗೆ ಈ ಕರಾವಳಿಯಲ್ಲಿ ನೆಲೆಸಿದ್ದ. ಇಲ್ಲಿಂದ ಅಡಿಕೆ, ಮೆಣಸು, ಕಬ್ಬಿಣ ಏಡನ್ ಬಂದರಿಗೆ ಹೋಗುತ್ತಿದ್ದವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಸರಕಿನ ಜೊತೆ ಏಡನ್ನಿಗೆ ಹೋಗಿ ವ್ಯವಹಾರ ನೋಡಿಕೊಂಡು ಬರುತ್ತಿದ್ದವನು ಬೆನ್ ಯಿಜುವಿನ ಒಬ್ಬ ಗುಲಾಮ. ಪತ್ರಗಳಲ್ಲಿ ಅವನ ಹೆಸರಿನ ಮೂರು ವ್ಯಂಜನಗಳಷ್ಟೇ ಇವೆ. ಲೇಖಕ ಅಮಿತಾವ್ ಘೋಷ್ ತಮ್ಮ 1992ರ ಪುಸ್ತಕದಲ್ಲಿ, ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ, ಅದನ್ನು ತುಳುನಾಡಿನ ‘ಬೊಮ್ಮ’ ಎಂದು ಓದಿದರು. ಈ ಓದನ್ನು ಒಪ್ಪಿದರೆ, ಈ ಕರಾವಳಿಯಿಂದ ಕಡಲಾಚೆಗೆ ಹೋಗಿ ಬಂದವರಲ್ಲಿ ನಮಗೆ ಹೆಸರಿನಿಂದ ಗೊತ್ತಿರುವ ತೀರ ಹಳಬರಲ್ಲಿ ಒಬ್ಬ ಈ ಬೊಮ್ಮ.

ಅವನ ಬಗ್ಗೆ ಪತ್ರಗಳು ಹೇಳುವ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಏಡನ್ನಿನಲ್ಲಿ ಬೊಮ್ಮ ಕುಡಿದು ಖರ್ಚು ಮಾಡಿದ; ತನಗೆ ಸಲ್ಲಬೇಕಾದ ಸಂಬಳಕ್ಕಿಂತ ಹೆಚ್ಚು ಹಣವನ್ನು ಅಲ್ಲಿನ ವರ್ತಕ ಮುಖಂಡ ಮದ್ಮೂನನಿಂದ ಪಡೆದ. ಮದ್ಮೂನ ದೂರಿದ, ಆದರೆ ಹಣ ಕೊಟ್ಟ. ಕೊಟ್ಟದ್ದನ್ನು ಬೆನ್ ಯಿಜುವಿನ ಲೆಕ್ಕಕ್ಕೆ ಬರೆದ. ಪರದೇಶದಲ್ಲಿ ಒಬ್ಬನೇ ಇದ್ದ ಗುಲಾಮನಿಗೆ ಅಷ್ಟು ಸಲೀಸಾಗಿ ಸಾಲ ಹುಟ್ಟಿದ್ದು ಅವನ ಧೈರ್ಯದಿಂದಲ್ಲ, ಮಂಗಳೂರಿನಲ್ಲಿ ಕುಳಿತ ಒಡೆಯನ ಹೆಸರಿನಿಂದ. ಅದೇ ಹೆಸರು ಅವನನ್ನು ಹಿಡಿದಿಟ್ಟುಕೊಂಡಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆ ಕಾಲದ ವರ್ತಕರ ಮನೆಗಳಲ್ಲಿ ಗುಲಾಮ ಎಂದರೆ ನಂಬಿಕೆಯ ಗುಮಾಸ್ತನೂ ಆಗಬಹುದಿತ್ತು. 1148ರಲ್ಲಿ ಏಡನ್ನಿನಿಂದ ಬಂದ ಪತ್ರವೊಂದು ಬೊಮ್ಮನಿಗೂ ನಮಸ್ಕಾರ ತಿಳಿಸುತ್ತದೆ ಎಂದ ಮೇಲೆ ಅವನಿಗೆ ಅಲ್ಲಿ ಮರ್ಯಾದೆಯಿತ್ತು. ಆದರೂ ಅವನ ಪಯಣ ಅವನದಾಗಿರಲಿಲ್ಲ. ರಕ್ಷಣೆ ಮತ್ತು ಒಡೆತನ ಒಂದೇ ಕೈಯಲ್ಲಿದ್ದವು. ಮುಂದಿನ ಎಲ್ಲ ಶತಮಾನಗಳ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ: ಒಡೆತನವನ್ನು ಕಳಚಿ ರಕ್ಷಣೆಯನ್ನಷ್ಟೇ ಉಳಿಸಿಕೊಳ್ಳಲು ಸಾಧ್ಯವೆ?

ಸಾಧ್ಯ ಎಂಬುದಕ್ಕೆ ಇದೇ ಕರಾವಳಿಯಲ್ಲಿ ಹಳೆಯ ಸಾಕ್ಷಿ ಇದೆ. 14ನೆಯ ಶತಮಾನದ ನಡುವೆ ಇಲ್ಲಿಗೆ ಬಂದ ಮೊರಾಕ್ಕೊದ ಇಬ್ನ್ ಬತೂತ ಮಂಗಳೂರನ್ನು ‘ಮಂಜರೂರ್’ ಎಂದು ಕರೆದು, ಪಾರಸ ಮತ್ತು ಯೆಮನ್‌ಗಳ ವರ್ತಕರು ಅಲ್ಲಿಗೆ ಬರುತ್ತಾರೆ, ಮೆಣಸು ಶುಂಠಿ ಧಾರಾಳವಾಗಿ ಸಿಗುತ್ತವೆ ಎಂದ. ಗೋವೆಯಿಂದ ಕೊಲ್ಲಮ್ಮಿನವರೆಗಿನ ದಾರಿಯ ಬಗ್ಗೆ ಅವನು ಬರೆದದ್ದು ಇನ್ನೂ ಮುಖ್ಯ. ದಾರಿಯುದ್ದಕ್ಕೂ ಮರದ ನೆರಳು. ಅರ್ಧರ್ಧ ಮೈಲಿಗೆ ಒಂದೊಂದು ಮರದ ತಂಗುಮನೆ. ಅದರಲ್ಲಿ ಕೂರಲು ಜಗಲಿ, ಹತ್ತಿರ ಒಂದು ಬಾವಿ, ನೀರು ಕೊಡಲು ಒಬ್ಬ ಆಳು. ಯಾವ ಮತದ ದಾರಿಹೋಕನೇ ಆಗಲಿ, ಅಲ್ಲಿ ಕೂರಬಹುದು. ಕಳ್ಳತನಕ್ಕೆ ಕಠಿಣ ಶಿಕ್ಷೆಯಿದ್ದುದರಿಂದ ಇದಕ್ಕಿಂತ ನಿರ್ಭಯವಾದ ದಾರಿಯನ್ನು ತಾನು ಕಂಡಿಲ್ಲ ಎಂಬುದು ಅವನ ಅನುಭವ. ಕುಂಜತ್ತೂರು, ಮಂಜೇಶ್ವರ, ಕುಂಬಳೆಗಳು ಇರುವುದು ಈ ದಾರಿಯಲ್ಲೇ. ಅವನ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಅವನೇನೂ ಕಡುಬಡವ ಪಯಣಿಗನಲ್ಲ, ಸುಲ್ತಾನರ ಆಸ್ಥಾನ ಕಂಡವನು. ಹಾಗಿದ್ದರೂ ಕಟ್ಟೆ, ಬಾವಿ, ಅರವಟ್ಟಿಗೆಗಳ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇತ್ತೀಚಿನವರೆಗೂ ಉಳಿದಿದ್ದನ್ನು ನೆನೆದರೆ ಅವನ ವರ್ಣನೆಯ ತಿರುಳು ನಿಜವೆನಿಸುತ್ತದೆ. ಬಾವಿಯ ಬಳಿ ನಿಂತ ಆಳು ದಾರಿಹೋಕನ ಒಡೆಯನಾಗಿರಲಿಲ್ಲ. ನೀನು ಯಾರ ಕಡೆಯವನು ಎಂದು ಕೇಳದೆ ನೀರು ಕೊಡುವ ಏರ್ಪಾಡು ಅದು. ಊರೇ ಹೊಣೆ ನಿಂತಿತ್ತು. ಅದಕ್ಕೆ ಪ್ರತಿಯಾಗಿ ದಾರಿಹೋಕನ ಮೇಲೆ ಹಕ್ಕು ಸಾಧಿಸಲಿಲ್ಲ.

ಊರು ತನ್ನಲ್ಲಿಗೆ ಬಂದ ಪರಕೀಯನಿಗೆ ಕೊಟ್ಟ ಈ ಆಸರೆಯನ್ನು ತನ್ನಿಂದ ಹೊರಟ ಮಗನಿಗೆ ಕೊಟ್ಟಿತೆ? 19ನೆಯ ಶತಮಾನದ ಸಾಕ್ಷ್ಯ ಇಲ್ಲ ಎನ್ನುತ್ತದೆ, ಕಡೇಪಕ್ಷ ಮೇಲ್ಜಾತಿಗಳ ಮಟ್ಟಿಗೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1844ರಲ್ಲಿ ಅಲ್ಲಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದ. ಹರ್ಮನ್ ಎಂಬ ಹೆಸರು ಪಡೆದು, 1846ರಲ್ಲಿ ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಜೊತೆ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದ ಪಾದ್ರಿಯಾಗಿ ಮರಳಿದ. ಅವನಿಗೆ ಕಡಲು ದಾಟುವುದು ಸಾಧ್ಯವಾದದ್ದು ಜಾತಿಯ ಹೊಣೆ ಆಗಲೇ ಕಡಿದುಹೋಗಿ ಮಿಷನ್ನಿನ ಹೊಣೆ ಸಿಕ್ಕಿದ್ದರಿಂದ. ಜಾತಿಯೊಳಗೇ ಉಳಿದವರಿಗೆ ಈ ದಾರಿಯೂ ಇರಲಿಲ್ಲ. ಅದೇ ಶತಮಾನದ ಕೊನೆಯ ಹೊತ್ತಿಗೆ ಓದಿಗಾಗಿ ವಿಲಾಯತಿಗೆ ಹೋಗಿ ಬಂದ ಸಾರಸ್ವತ ತರುಣರು ಬಹಿಷ್ಕಾರ ಎದುರಿಸಬೇಕಾಯಿತು. ಚಿತ್ರಾಪುರ ಮಠದ ಪಾಂಡುರಂಗಾಶ್ರಮ ಸ್ವಾಮಿಗಳ ಕಾಲದಲ್ಲಿ ಈ ಪ್ರಶ್ನೆ ಸಮಾಜವನ್ನೇ ಎರಡು ಪಾಲು ಮಾಡಿತು. ಸಮುದ್ರಯಾನದ ನಿಷೇಧ ಸತ್ತ ವಿಚಾರವೆಂದು ತಳ್ಳಿಹಾಕುವಂತಿಲ್ಲ. ವಿದೇಶಕ್ಕೆ ಹೋಗಿ ಬಂದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ 2008ರ ಉಡುಪಿ ಪರ್ಯಾಯದಲ್ಲಿ ಎದ್ದಿತ್ತು.

ನಿಷೇಧದ ಪರವಾಗಿ ಒಂದು ವಾದವಿದೆ: ಆಚಾರ ತಪ್ಪದಿರಲಿ, ಮನೆತನ ಚದುರದಿರಲಿ ಎಂಬ ಕಾಳಜಿಯಿಂದ ಹಿರಿಯರು ಹಾಗೆ ಮಾಡಿದರು ಎಂದು. ಕಾಳಜಿ ಇದ್ದಿರಬಹುದು. ಆದರೆ ಫಲವನ್ನು ನೋಡಬೇಕು. ಸಮಾಜ ಬೆನ್ನು ತಿರುಗಿಸಿದ್ದರಿಂದ ಪಯಣ ನಿಲ್ಲಲಿಲ್ಲ. ಹೋಗುವವರು ಬೇರೆ ಆಸರೆ ಹುಡುಕಿಕೊಂಡರು. ಬಹಿಷ್ಕಾರದ ಭಯವಿಲ್ಲದ ಬ್ಯಾರಿ, ಮಾಪಿಳ್ಳೆ, ಕ್ರೈಸ್ತ ಕುಟುಂಬಗಳು ಕಡಲ ದಾರಿಯಲ್ಲಿ ಮುಂದೆ ನಡೆದವು. ಹೆಣ್ಣಿನ ಮಟ್ಟಿಗಂತೂ ಸಮಾಜದ ಹೊಣೆ ಬಾಗಿಲಿಗೆ ಹಾಕಿದ ಅಗುಳಿಯೇ ಆಗಿತ್ತು. ಅದೇ ಸಾರಸ್ವತ ಸಮಾಜದಲ್ಲಿ 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾದ ಕಮಲಾದೇವಿ ಚಟ್ಟೋಪಾಧ್ಯಾಯರು 1939ರಲ್ಲಿ ಯುರೋಪಿಗೆ, ಯುದ್ಧ ಶುರುವಾದ ಮೇಲೆ ಅಮೆರಿಕಕ್ಕೆ, ಆಮೇಲೆ ಜಪಾನು ಚೀನಾಗಳಿಗೆ ಹೋದರು. ಅಮೆರಿಕದ ದಕ್ಷಿಣದಲ್ಲಿ ರೈಲಿನ ಟಿಕೆಟು ತಪಾಸಣೆಯವನು ಬಿಳಿಯರಿಗೆ ಮೀಸಲಾದ ಡಬ್ಬಿಯಿಂದ ಏಳಲು ಹೇಳಿದಾಗ ಅವರು ಏಳಲಿಲ್ಲ. ತಾನೂ ಕರಿಯರ ಪಂಗಡದವಳೇ ಎಂದು ಹೇಳಿ ಕುಳಿತಲ್ಲೇ ಕುಳಿತರು. ಇದು ಅಪ್ಪಟ ಧೈರ್ಯ. ಧೈರ್ಯವೊಂದೇ ಸಾಕು ಎನ್ನುವವರು ಇದನ್ನೇ ಉದಾಹರಣೆಯಾಗಿ ತೋರಿಸಬಹುದು. ಆದರೆ ಕಮಲಾದೇವಿಯವರ ಹಿಂದೆ ಅಖಿಲ ಭಾರತ ಮಹಿಳಾ ಸಮ್ಮೇಳನ, ಕಾಂಗ್ರೆಸ್ಸು, ಹಲವು ದೇಶಗಳ ಹೋರಾಟಗಾರರ ಸ್ನೇಹ ಇದ್ದವು. ಅವರು ಜಾತಿಯ ಹೊಣೆಯನ್ನು ಬಿಟ್ಟು ಚಳವಳಿಯ ಹೊಣೆಯನ್ನು ಪಡೆದಿದ್ದರು. ಅಂಥ ಬೆಂಬಲವಿಲ್ಲದ ಅದೇ ಕರಾವಳಿಯ ಸಾವಿರಾರು ಹೆಣ್ಣುಮಕ್ಕಳಿಗೆ ಧೈರ್ಯವಿರಲಿಲ್ಲ ಎಂದು ಯಾರು ಹೇಳಬಲ್ಲರು?

20ನೆಯ ಶತಮಾನದಲ್ಲಿ ಹೊಣೆ ಸರ್ಕಾರದ ಕೈಗೆ ಬಂತು. ಮೊದಲ ಮಹಾಯುದ್ಧಕ್ಕೆ ಮುಂಚೆ ಹಡಗಿನ ಟಿಕೆಟಿಗೆ ಹಣವಿದ್ದರೆ ಕೊಲಂಬೊಗೋ ರಂಗೂನಿಗೋ ಹೋಗಲು ಪಾಸ್‌ಪೋರ್ಟು ಬೇಕಿರಲಿಲ್ಲ. ಯುದ್ಧದ ನಂತರ 1920ರ ಪಾಸ್‌ಪೋರ್ಟ್ ಕಾಯ್ದೆ ಬಂತು. 1942ರಲ್ಲಿ ಜಪಾನೀ ದಾಳಿಯಿಂದ ಬರ್ಮಾದ ದಾರಿ ಮುರಿಯಿತು; 1948ರ ನಂತರ ಸಿಲೋನು ತನ್ನ ಪೌರತ್ವ, ವಲಸೆ ಕಾನೂನುಗಳಿಂದ ಬಾಗಿಲು ಬಿಗಿ ಮಾಡಿತು. ಆಗ ಕರಾವಳಿಯ ಕಣ್ಣು ಪರ್ಷಿಯನ್ ಕೊಲ್ಲಿಯ ಕಡೆ ಹೊರಳಿತು. ಆ ನಾಡುಗಳಲ್ಲಿ 1960ರ ದಶಕದವರೆಗೂ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ಭಾರತ ಅವುಗಳಿಗೆಂದೇ ಪ್ರತ್ಯೇಕ ನೋಟು ಹೊರಡಿಸಿತ್ತು. ಅಬುಧಾಬಿಯ ಎಣ್ಣೆ 1962ರಲ್ಲಿ, ದುಬೈನದು 1969ರಲ್ಲಿ ರಫ್ತಾಗತೊಡಗಿತು. ಕಾಗದಪತ್ರ ಇಲ್ಲದವರು ಮುಂಬಯಿಗೆ ಹೋಗಿ, ಊರಿನವರ ಖೋಲಿಯಲ್ಲಿ ಕಾದಿದ್ದು, ಸರಕಿನ ಲಾಂಚುಗಳಲ್ಲಿ ಅಡಗಿ ಹೋದರು. ಅಲ್ಲಿನ ಖೋರ್ ಫಕ್ಕಾನ್ ಬಳಿ ದಡ ಕಾಣುವ ದೂರದಲ್ಲಿ ಇಳಿಸಿದರೆ ಉಳಿದದ್ದನ್ನು ಈಜಬೇಕು. ಮಲಯಾಳಂ ಸಾಹಿತ್ಯವೂ ಸಿನಿಮಾವೂ ದಾಖಲಿಸಿರುವ ಈ ಪಯಣಗಳಲ್ಲಿ ಹೊಣೆಯೆಂಬುದೇ ಇರಲಿಲ್ಲ. ಲಾಂಚಿನವನು ಹಣ ಪಡೆದ ಕೂಡಲೇ ಅವನ ಜವಾಬ್ದಾರಿ ಮುಗಿಯಿತು. ಮುಳುಗಿದವರ ಲೆಕ್ಕವನ್ನು ಯಾವ ಸರ್ಕಾರವೂ ಇಡಲಿಲ್ಲ. ಯಾರ ಹಂಗೂ ಇಲ್ಲದ ಪಯಣ ಎಂಬ ಆದರ್ಶ ಬಡವನ ಪಾಲಿಗೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಪುರಾವೆ ಬೇಡ.

ಕಾಗದವಿದ್ದವರಿಗೆ ಒಂದು ದೊಡ್ಡ ತಿರುವು 1967ರಲ್ಲಿ ಬಂತು. ಅಲ್ಲಿಯವರೆಗೆ ಪಾಸ್‌ಪೋರ್ಟು ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿ. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಜಾರಿಯಾಯಿತು. 1978ರ ಮೇನಕಾ ಗಾಂಧಿ ತೀರ್ಪು ಆ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ಈ ತೀರ್ಪುಗಳನ್ನು ನಾವು ದೆಹಲಿಯ ರಾಜಕೀಯದ ಕಥೆಯಾಗಿ ಓದುತ್ತೇವೆ. ಕುಂಜತ್ತೂರು, ಉದ್ಯಾವರ, ಉಪ್ಪಳಗಳ ಮನೆಗಳ ಮಟ್ಟಿಗೆ ಅವು ಹೊಟ್ಟೆಪಾಡಿನ ತೀರ್ಪುಗಳು. 1973ರಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿಯಲ್ಲಿ ಕೆಲಸ ಉಕ್ಕಿದಾಗ, ಪಾಸ್‌ಪೋರ್ಟನ್ನು ಅಧಿಕಾರಿಯ ದಯೆಯೆಂದಲ್ಲ, ಹಕ್ಕೆಂದು ಕೇಳುವ ದಾರಿ ತೆರೆದಿತ್ತು. ಬೊಮ್ಮನ ಒಡೆಯ ಹೊತ್ತಿದ್ದ ಹೊಣೆಯ ಒಂದು ಪಾಲು ಮೊದಲ ಬಾರಿಗೆ ಕಾನೂನಿನ ಹಕ್ಕಾಗಿ, ಒಡೆತನವಿಲ್ಲದ ರೂಪದಲ್ಲಿ ಸಿಕ್ಕಿತು.

ಆದರೆ ಅದು ಒಂದೇ ಪಾಲು. ವಿಮಾನ ಇಳಿದ ಮೇಲೆ ಹೊಣೆ ಕಫೀಲನದು. ಕೊಲ್ಲಿ ದೇಶಗಳ ಕಫಾಲ ಪದ್ಧತಿಯಲ್ಲಿ ಕೆಲಸಗಾರನ ವೀಸಾ, ವಾಸದ ಪರವಾನಗಿ ಎರಡೂ ಒಬ್ಬ ಸ್ಥಳೀಯ ಪ್ರಾಯೋಜಕನಿಗೆ ಕಟ್ಟಿಬಿದ್ದಿರುತ್ತವೆ. ಕಫೀಲ ಒಳ್ಳೆಯವನಾದರೆ ಬದುಕು ಸುಗಮ. ಕೆಟ್ಟವನಾದರೆ ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿ, ಸಂಬಳ ಅವನ ಇಚ್ಛೆಯಲ್ಲಿ. ಬೆನ್ಯಾಮಿನ್ ಅವರ 2008ರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ ಹೇಳುವುದು ಇದನ್ನೇ: ವಿಮಾನ ನಿಲ್ದಾಣದಲ್ಲಿ ಯಾರೋ ಒಬ್ಬ ಕರೆದುಕೊಂಡು ಹೋದ; ಮರುಭೂಮಿಯಲ್ಲಿ ಆಡು ಮೇಯಿಸುತ್ತ ವರ್ಷಗಳು ಕಳೆದವು. ಇಲ್ಲಿ ರಕ್ಷಣೆಯೂ ಒಡೆತನವೂ ಮತ್ತೆ ಒಂದೇ ಕೈಗೆ ಬಂದಿವೆ, 12ನೆಯ ಶತಮಾನದಲ್ಲಿ ಇದ್ದಂತೆಯೇ. ಇಂಥ ಶೋಷಣೆ ತಡೆಯಲು ಭಾರತ ಸರ್ಕಾರ 1983ರಲ್ಲೇ ವಲಸೆ ಕಾಯ್ದೆಯನ್ನು ತಂದಿತ್ತು. ಏಜೆಂಟರು ನೋಂದಣಿ ಮಾಡಿಸಿ ಭದ್ರತಾ ಠೇವಣಿ ಇಡಬೇಕು; ಕಡಿಮೆ ಓದಿದವರು ನಿಗದಿತ ದೇಶಗಳಿಗೆ ದುಡಿಯಲು ಹೋಗುವ ಮುನ್ನ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕು. ಈಗ ಹತ್ತನೇ ತರಗತಿ ಪಾಸಾದವರಿಗೆ ಈ ತಪಾಸಣೆ ಇಲ್ಲ. ಅಂದರೆ ಊರಿನ ಶಾಲೆಯ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟೇ ಒಂದು ಬಗೆಯ ಜಾಮೀನು. ತಪಾಸಣೆಗೆ ಒಳಪಡುವ ಹೆಣ್ಣುಮಕ್ಕಳು ನರ್ಸುಗಳಲ್ಲದಿದ್ದರೆ ಮೂವತ್ತು ವರ್ಷ ತುಂಬದೆ ಆ ದೇಶಗಳಿಗೆ ಕೆಲಸಕ್ಕೆ ಹೋಗುವಂತಿಲ್ಲ ಎಂಬ ನಿಯಮವೂ ಬಂತು. ಉದ್ದೇಶ ರಕ್ಷಣೆಯೇ. ಆದರೆ ಮಠ ಹಾಕಿದ್ದ ಅಗುಳಿಯನ್ನೇ ಸರ್ಕಾರ ಹಾಕಿದರೆ ಫಲವೂ ಹಾಗೆಯೇ ಆಗುತ್ತದೆ. ಸರಿಯಾದ ದಾರಿ ಮುಚ್ಚಿದಾಗ ಹೆಣ್ಣುಮಕ್ಕಳು ಪ್ರವಾಸಿ ವೀಸಾದಲ್ಲಿ, ಯಾವ ದಾಖಲೆಯಲ್ಲೂ ಇಲ್ಲದಂತೆ ಹೋಗುತ್ತಾರೆ. ತಡೆಯುವುದನ್ನು ಕಾಯುವುದೆಂದು ತಿಳಿದ ತಪ್ಪು ಇದು. ಕೇರಳ ವಲಸೆ ಸಮೀಕ್ಷೆಯ ಪ್ರಕಾರ 1998ರಲ್ಲಿ 13.6 ಲಕ್ಷ ಇದ್ದ ಆ ರಾಜ್ಯದ ಹೊರದೇಶದ ವಲಸಿಗರು 2023ರಲ್ಲಿ ಸುಮಾರು 22 ಲಕ್ಷ; ಅವರಲ್ಲಿ ಹೆಂಗಸರ ಪಾಲು ಶೇಕಡ 19.1. ಈ ಪಾಲು ಏರುತ್ತಲೇ ಇದೆ. ಹಾಗಾಗಿ ಅವರನ್ನು ತಡೆಯುವುದು ಹೇಗೆ ಎಂಬುದನ್ನು ಬಿಟ್ಟು ಅವರ ಬೆನ್ನಿಗೆ ನಿಲ್ಲುವುದು ಹೇಗೆ ಎಂದು ಯೋಚಿಸಬೇಕು.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ದುಡಿಯಲು ಹೋಗುವುದು ವಲಸೆ, ಅದನ್ನು ಪ್ರವಾಸದ ಚರಿತ್ರೆಯಲ್ಲಿ ಸೇರಿಸುವುದು ಸರಿಯೆ ಎಂಬುದು ಮೊದಲನೆಯದು. ಈ ಗೆರೆ ಹಣವಿದ್ದವರು ಎಳೆದದ್ದು. ಇಬ್ನ್ ಬತೂತನೂ ಹೋದ ಕೆಲವೆಡೆ ಕಾಜಿಯ ಕೆಲಸ ಮಾಡಿ ಸಂಬಳ ಪಡೆದ; ಅವನನ್ನು ಯಾರೂ ಪಯಣಿಗರ ಸಾಲಿನಿಂದ ಹೊರಗಿಟ್ಟಿಲ್ಲ. ಶಾರ್ಜಾದ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದವನು ಹತ್ತು ದೇಶಗಳ ಜನರ ಜೊತೆ ಒಂದೇ ಕೋಣೆಯಲ್ಲಿ ಉಂಡು ಮಲಗಿ, ಅವರ ಭಾಷೆ ಕಲಿತು, ಅವರ ಹಬ್ಬ ಕಂಡಿರುತ್ತಾನೆ. ಅವನು ಲೋಕ ಕಂಡವನಲ್ಲ, ವಾರದ ಪ್ಯಾಕೇಜಿನಲ್ಲಿ ಹೋಗಿ ಬಂದವನು ಲೋಕ ಕಂಡವನು ಎನ್ನುವುದಾದರೆ ನಮ್ಮ ಅಳತೆಗೋಲೇ ಸರಿಯಿಲ್ಲ. ಎರಡನೆಯ ಆಕ್ಷೇಪ: ಈ ಜನ ನೆಂಟರು, ಜಮಾಅತ್, ಊರಿನವರ ಬಲದ ಮೇಲೆ ಹೋದವರು, ಅವರನ್ನು ಒಂಟಿ ಪಯಣಿಗರು ಎನ್ನುವುದು ಹೇಗೆ? ಬಲ ಇದ್ದದ್ದು ನಿಜ, ಅದೇ ಈ ಬರಹದ ವಾದವೂ ಹೌದು. ಆದರೆ ವೀಸಾ ಒಬ್ಬನ ಹೆಸರಿಗೇ ಬರುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ನಿಗದಿತ ಸಂಬಳ ಬೇಕು. ಬಹುಪಾಲು ಜನರಿಗೆ ಅದಿಲ್ಲ. ಹಾಗಾಗಿ ಅವನು ಅಲ್ಲಿ ಒಂಟಿ, ಮನೆಯವಳು ಇಲ್ಲಿ ಒಂಟಿ. 1970ರ ದಶಕದಲ್ಲಿ ಎಸ್.ಎ. ಜಮೀಲ್ ಬರೆದ ‘ದುಬೈ ಕತ್ತು ಪಾಟ್ಟು’, ಊರಿನಲ್ಲಿ ಉಳಿದ ಹೆಂಡತಿಯ ಕಾಗದದ ರೂಪದ ಆ ಹಾಡು, ಮಲಬಾರಿನ ಮನೆಮನೆಗೆ ಹಬ್ಬಿದ್ದು ಈ ಕಾರಣಕ್ಕೆ. ಇಂದಿನ ಪ್ರವಾಸಿಯ ಒಂಟಿತನ ಅವನೇ ಆರಿಸಿಕೊಂಡದ್ದು. ಇವರದು ನಿಯಮ ಹೇರಿದ್ದು.

ಕುಂಜತ್ತೂರಿನ ಮಟ್ಟಿಗೆ ಈ ಹೊಣೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯವರ ಆಸ್ಪತ್ರೆ, ಕಾಲೇಜು, ಸಂತೆ, 2006ರಿಂದ ದುಬೈ ವಿಮಾನ ಎಲ್ಲವೂ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ಮಂಗಳೂರಿನ ಕಡೆ. ಪಾಸ್‌ಪೋರ್ಟ್ ಕಚೇರಿ ಇನ್ನೂರು ಕಿಲೋಮೀಟರಿಗೂ ದೂರದ ಕೋಝಿಕ್ಕೋಡಿನ ಸುಪರ್ದಿಯಲ್ಲಿ. ಕೇರಳ 1996ರಲ್ಲಿ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆ ತೆರೆದದ್ದು ದೊಡ್ಡ ಕೆಲಸ. ಇಲ್ಲಿಯ ಕನ್ನಡಿಗನಿಗೂ ಅದರ ಮೇಲೆ ಪೂರ್ಣ ಹಕ್ಕಿದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಮಲಯಾಳಂ ಅರ್ಜಿ ಕೈಗೆ ಬಂದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಕರ್ನಾಟಕ ತನ್ನ ಅನಿವಾಸಿ ಕನ್ನಡಿಗರನ್ನು ಎಣಿಸುವಾಗ ಇವನ ವಿಳಾಸ ಗಡಿಯಾಚೆಯದು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಕಣಿವೆಗೆ ಉರುಳಿ 158 ಜನ ಸತ್ತಾಗ ಗಡಿಯ ಎರಡೂ ಬದಿಯ ಮನೆಗಳಲ್ಲಿ ಒಂದೇ ದುಃಖ ಇತ್ತು. ಪರಿಹಾರಕ್ಕಾಗಿ ಕುಟುಂಬಗಳು ವರ್ಷಗಟ್ಟಲೆ ಕೋರ್ಟು ಅಲೆದವು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಮಂಜೇಶ್ವರ ಕಡೆಯ ರೋಗಿಗಳು ಪ್ರಾಣ ಕಳೆದುಕೊಂಡರು. ಪರದೇಶದ ಬಾಗಿಲು ದಾಟಿದ ಜನರಿಗೆ ಪಕ್ಕದ ಊರಿನ ಬಾಗಿಲು ಮುಚ್ಚಿತು. ಎರಡು ಸರ್ಕಾರಗಳ ನಡುವೆ ಹೊಣೆ ಜಾರಿಬಿದ್ದರೆ ಏನಾಗುತ್ತದೆ ಎಂಬುದನ್ನು ಈ ಊರುಗಳು ಬೆಲೆ ತೆತ್ತು ಕಲಿತಿವೆ.

ಚರಿತ್ರೆಯಿಂದ ಕಲಿಯುವುದು ಇದ್ದರೆ ಇಷ್ಟು. ಧೈರ್ಯದ ಕೊರತೆ ಈ ಕರಾವಳಿಗೆ ಯಾವ ಶತಮಾನದಲ್ಲೂ ಇರಲಿಲ್ಲ. ಒಡೆತನವಿಲ್ಲದ ಹೊಣೆಯ ಕೊರತೆ ಬಹುತೇಕ ಎಲ್ಲ ಶತಮಾನಗಳಲ್ಲೂ ಇತ್ತು. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಪತ್ರ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಒಡೆತನವನ್ನು ಕಳಚಿದರೂ ವ್ಯವಸ್ಥೆ ನಡೆಯುತ್ತದೆ ಎಂಬುದಕ್ಕೆ ಅದು ಇಂದಿನ ಪುರಾವೆ. ಅರ್ಧರ್ಧ ಮೈಲಿಗೆ ಇದ್ದ ಬಾವಿ ಅಂದಿನ ಪುರಾವೆ. ನಮ್ಮ ಕೈಯಲ್ಲಿರುವ ಕೆಲಸವೂ ಸಾಕಷ್ಟಿದೆ. ಹೊರಡುವ ಮುನ್ನ ಕೊಡುವ ತಿಳುವಳಿಕೆ, ದುಡಿಮೆಯ ಕರಾರು, ದೂರು ಕೊಡುವ ಅರ್ಜಿ, ಇವೆಲ್ಲ ಕಾಸರಗೋಡಿನಲ್ಲಿ ಕನ್ನಡದಲ್ಲೂ ಸಿಗಬೇಕು. ಹೆಣ್ಣುಮಕ್ಕಳ ವಯಸ್ಸಿನ ನಿರ್ಬಂಧವನ್ನು ತೆಗೆದು ಆ ಜಾಗದಲ್ಲಿ ಅವರ ಕರಾರಿಗೆ ರಾಯಭಾರ ಕಚೇರಿಯ ಹೊಣೆ ಬರಬೇಕು. ಗಡಿಯ ಎರಡೂ ಸರ್ಕಾರಗಳು ಈ ಸೀಮೆಯ ವಲಸಿಗರನ್ನು ತಮ್ಮವರೆಂದು ಒಟ್ಟಿಗೆ ಬರೆದಿಟ್ಟುಕೊಳ್ಳಬೇಕು. ಮನೆಗಳ ಪೆಟ್ಟಿಗೆಗಳಲ್ಲಿರುವ ಹಳೆಯ ಪಾಸ್‌ಪೋರ್ಟು, ಕಾಗದ, ಕ್ಯಾಸೆಟ್ಟುಗಳನ್ನು ಶಾಲೆ, ಗ್ರಂಥಾಲಯಗಳು ಈಗಲೇ ಸಂಗ್ರಹಿಸಬೇಕು. ಒಬ್ಬ ಯಹೂದಿ ವರ್ತಕನ ಕಾಗದಗಳು ಉಳಿದವು ಎಂಬ ಒಂದೇ ಕಾರಣಕ್ಕೆ ಬೊಮ್ಮನ ಹೆಸರು ನಮಗೆ ತಲುಪಿತು. ಅವನಂತೆಯೇ ಹೋದ ಲಕ್ಷಾಂತರ ಜನರ ಹೆಸರು ಉಳಿಯುವುದು ಹಾಗೆ ಅದೃಷ್ಟಕ್ಕೆ ಬಿಟ್ಟ ಮಾತಾಗಬಾರದು. ಅವರು ಹೋದರು, ದುಡಿದರು, ಊರನ್ನು ಕಟ್ಟಿದರು. ಅವರ ಹೊಣೆ ಹೊರುವುದು ಊರಿನ ಔದಾರ್ಯವಲ್ಲ, ತೀರಿಸಬೇಕಾದ ಸಾಲ.